ಮಾಗಡಿ ಕೆರೆಯೋ, ಕಪ್ಪತಗುಡ್ಡವೋ?

ರಜೆಯ ದಿನಗಳನ್ನು ಪರಿಸರದ ಕೆಲಸಕ್ಕೆ ಕೊಡಬಯಸುವ ಗದಗ, ಹುಬ್ಬಳ್ಳಿ ಭಾಗದ ಯುವಕರು ಈ ಎರಡರಲ್ಲಿ ಯಾವುದನ್ನು ಆರಿಸಬೇಕು?

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಕೆಲಸವಿರುವುದು ಚಳಿಗಾಲದಲ್ಲಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿ ತಂಗಿ, ಸುತ್ತಲಿನ ಶೇಂಗಾ, ಕಡಲೆ ಹೊಲಗಳಲ್ಲಿ ಮೇಯುತ್ತವೆ. ಆದ್ದರಿಂದ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣ, ಎನಿಸಿದ ಈ ಕೆರೆಯ ಉಳಿವು ರೈತರ ಸಹನೆಯನ್ನೂ ಅವಲಂಬಿಸಿದೆ. ಹಕ್ಕಿ ಎಣಿಸುವುದಕ್ಕಿಂತ ಅವರೊಡನೆ ಕುಳಿತು ಮಾತನಾಡುವುದೇ ಹೆಚ್ಚಿನ ಕೆಲಸವೆಂದು ನನ್ನ ಭಾವನೆ.

ಅದೇ ಜಿಲ್ಲೆಯ ಬೆಟ್ಟಸಾಲು ಕಪ್ಪತಗುಡ್ಡ ಹೆಚ್ಚು ಬೆವರು ಕೇಳುತ್ತದೆ. 2016ರಲ್ಲಿ ಅದರ ಸಂರಕ್ಷಿತ ಸ್ಥಾನ ರದ್ದಾದಾಗ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರೊಂದಿಗೆ ಜನರು ಬೀದಿಗಿಳಿದರು. 2017ರಲ್ಲಿ ಆ ಸ್ಥಾನ ಮರಳಿತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಘೋಷಣೆಯೊಂದೇ ಬೆಂಕಿಯನ್ನು ತಡೆಯದು. ಬೇಸಿಗೆಯಲ್ಲಿ ಆಳೆತ್ತರದ ಬಾದೆಹುಲ್ಲು ಒಣಗಿ ನಿಂತಾಗ ಒಂದು ಬೀಡಿಯ ತುಂಡು ಸಾಕು. ಹಸಿ ಟೊಂಗೆಯಿಂದ ಬಡಿದು ಬೆಂಕಿ ನಂದಿಸುವವರ ತೋಳು ಸೋಲುತ್ತದೆ, ಗಾಳಿ ಸೋಲುವುದಿಲ್ಲ. ಅದಕ್ಕಾಗಿಯೇ ಬೇಸಿಗೆಗೆ ಮೊದಲೇ ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಬೆಂಕಿ ರೇಖೆ, ಅಂದರೆ ಬೆಂಕಿ ಹಬ್ಬದಂತೆ ಹುಲ್ಲು ತೆಗೆದ ಪಟ್ಟಿ, ಮಾಡಲು ಕೈಜೋಡಿಸಬೇಕು.

ಮಕ್ಕಳೊಂದಿಗೆ ಹೋಗುವವರಿಗೆ ಮಾಗಡಿ ಸೂಕ್ತ. ಗಟ್ಟಿ ಕಾಲುಳ್ಳ, ಪ್ರತಿವರ್ಷವೂ ಬರಬಲ್ಲ ತಂಡವಾದರೆ ಕಪ್ಪತಗುಡ್ಡವನ್ನೇ ಆರಿಸಿರೆಂದು ಕೇಳಿಕೊಳ್ಳುತ್ತೇನೆ.