ಕಾಲಂ ಒಳಗ ಟೊಳ್ಳು ಐತೋ ಇಲ್ಲೋ: ಅಲ್ಟ್ರಾಸಾನಿಕ್ ಟೆಸ್ಟ್ ಮಾಡಿಸಿದ್ದರ ರಿವ್ಯೂ

ಬಾಗಲಕೋಟೆ ನವನಗರದಾಗ ಮನಿ ಕಟ್ಟಸಾಕತ್ತೇವಿ. ಗ್ರೌಂಡ್ ಫ್ಲೋರ್ ಸೆಂಟ್ರಿಂಗ್ ಬಿಚ್ಚಿದಾಗ ಮೂಲಿ ಕಾಲಂ ಬುಡದಾಗ ಖಡಿ ಎದ್ದು ಕಾಣ್ತಿತ್ತು, ಕಂಟ್ರಾಕ್ಟರ್ ಮ್ಯಾಲೆ ಸಿಮೆಂಟ್ ಸವರಿ ಏನೂ ಆಗಂಗಿಲ್ರಿ ಅಂದ, ಆದ್ರ ಟೊಳ್ಳು ಒಳಗ ಎಲ್ಲಿತನಾ ಐತಿ ಅಂತ ಹೊರಗ ನಿಂತು ಯಾರೂ ಹೇಳಾಕ ಬರಂಗಿಲ್ಲ, ಅದಕ್ಕ ಬೆಳಗಾವಿಯಿಂದ ಒಂದು ಲ್ಯಾಬ್‌ನವರನ್ನ ಕರಸಿದ್ವಿ. ಅಲ್ಟ್ರಾಸಾನಿಕ್ ಟೆಸ್ಟ್ ಅಂದ್ರ ಕಾಲಂ ಒಂದು ಕಡೆಯಿಂದ ಕಿವಿಗೆ ಕೇಳದಂಥ ಶಬ್ದ ಬಿಟ್ಟು, ಇನ್ನೊಂದು ಕಡೆ ಮುಟ್ಟಾಕ ಎಷ್ಟು ಟೈಮ್ ಹಿಡಿತೈತಿ ಅಂತ ನೋಡೋದು, ಜೋರ್ ದಾಟಿದ್ರ ಕಾಂಕ್ರೀಟ್ ಚಲೋ ಅಂತ ಲೆಕ್ಕ.

ಕೆಲಸ ಭಾಳ ಚಲೋ ಮಾಡಿದ್ರು. ಮೊದಲ ಆ ಸವರಿದ್ದ ಸಿಮೆಂಟ್ ಕೆತ್ತಿಸಿ ಗ್ರೈಂಡರ್ ಹೊಡಿಸಿದ್ರು, ಆಮ್ಯಾಲ ಒಳಗಿನ ರಾಡ್ ಎಲ್ಲೆಲ್ಲಿ ಅದಾವ ಅಂತ ಲೊಕೇಟರ್‌ಲೇ ಹುಡುಕಿ ಚಾಕ್‌ಲೇ ಗೆರಿ ಹಾಕಿದ್ರು, ಯಾಕಂದ್ರ ಸ್ಟೀಲ್‌ನಾಗ ಶಬ್ದ ಕಾಂಕ್ರೀಟ್‌ಗಿಂತ ಜೋರ್ ಓಡ್ತೈತಿ, ರಾಡ್ ಗುಂಟ ರೀಡಿಂಗ್ ತಗೊಂಡ್ರ ಕೆಟ್ಟ ಕಾಂಕ್ರೀಟೂ ಚಲೋ ಅಂತ ತೋರಸ್ತೈತಿ. ಕ್ಯೂರಿಂಗ್ ಯಾವಾಗ ನಿಲ್ಲಿಸಿದ್ರಿ ಅಂತನೂ ಕೇಳಿದ್ರು, ಹಸಿ ಇದ್ರೂ ವೇಗದ ನಂಬರ್ ಏರ್ತೈತಂತ. ಗ್ರೀಸ್ ಹಚ್ಚಿ 54 ಕಿಲೋಹರ್ಟ್ಸ್ ಪ್ರೋಬ್ (ಶಬ್ದ ಬಿಡೋದೊಂದು, ಹಿಡಿಯೋದೊಂದು) ಎರಡೂ ಎದುರಾಬದರು ಒತ್ತಿ ಹಿಡಿತಾರ, ನಡುವ ಗಾಳಿ ಉಳಿದ್ರ ಸಿಗ್ನಲ್ ದಾಟಂಗಿಲ್ಲ. 9 ಇಂಚಿನ ಕಾಲಂ ಅಂದ್ರ 230 ಮಿಲಿಮೀಟರ್, ಅಷ್ಟು ದಾಟಾಕ 57 ಮೈಕ್ರೋಸೆಕೆಂಡ್ ಹಿಡಿದ್ರ ವೇಗ ಸೆಕೆಂಡಿಗೆ ಸುಮಾರು 4 ಕಿಲೋಮೀಟರ್ ಆತು. ಟೊಳ್ಳು ಇದ್ರ ಶಬ್ದ ಸುತ್ತಿ ಬಳಸಿ ಬರ್ತೈತಿ, ಟೈಮ್ ಜಾಸ್ತಿ ಆಗ್ತೈತಿ. ಐಎಸ್ 13311 ಅನ್ನೋ ಭಾರತೀಯ ಮಾನದಂಡದ ಟೇಬಲ್‌ನಾಗ ಈ ವೇಗ 3.5 ಮ್ಯಾಲಿದ್ರ ಚಲೋ, 3ರ ಕೆಳಗ ಡೌಟ್ (ಈಗ ಇದರ ಜಾಗಾಕ್ಕ ಐಎಸ್ 516 ಭಾಗ 5 ಬಂದೈತಿ, ಯಾವುದರ ಪ್ರಕಾರ ಬರದಾರ ಅಂತ ರಿಪೋರ್ಟ್‌ನಾಗ ನೋಡ್ರಿ). ನಮ್ಮ ಕಾಲಂ ಎದಿಮಟ್ಟಕ್ಕ 4ರ ಆಸುಪಾಸು, ಬುಡದಾಗ 2.8. ಅದನ್ನ ಹಿಡಕೊಂಡು ಕಂಟ್ರಾಕ್ಟರ್ ಕಡೆಯಿಂದ ಟೊಳ್ಳು ತುಂಬೋ ಗ್ರೌಟಿಂಗ್ ಮಾಡಿಸಿದ್ವಿ, ಅದ ಪಾಯಿಂಟ್‌ನಾಗ ಮತ್ತ ಚೆಕ್ ಮಾಡಿಸಿದ್ವಿ.

ಬಾಜೂ ಮನಿ ಗ್ವಾಡಿಗೆ ಹತ್ತಿದ ಕಾಲಂಗೆ ಒಂದ ಮುಖ ಸಿಕ್ತು, ಎರಡೂ ಪ್ರೋಬ್ ಒಂದ ಕಡೆ ಇಟ್ಟು ತಗೊಂಡ ರೀಡಿಂಗ್ ಒಳಗಿಂದ ಪೂರಾ ಹೇಳಂಗಿಲ್ಲ ಅಂತ ಅವರ ರಿಪೋರ್ಟ್‌ನಾಗ ಬರದುಕೊಟ್ರು, ನನಗ ವಿಶ್ವಾಸ ಬಂದಿದ್ದ ಅಲ್ಲಿ. ಇನ್ನೊಬ್ರು ಕಡಿಮಿ ರೇಟ್‌ಗೆ ಗಿಲಾವ್ ಮ್ಯಾಲೇ ರೀಡಿಂಗ್ ತಗೊಂಡು ಕಾಂಕ್ರೀಟ್ ಸ್ಟ್ರೆಂತ್ ಇಷ್ಟ ಅಂತ ಬರದು ಕೊಡ್ತೀವಿ ಅಂದಿದ್ರು, ಅಂಥವರನ್ನ ಕರೀಬ್ಯಾಡ್ರಿ. ಈ ಟೆಸ್ಟ್ ಒಂದರಿಂದನ ಸ್ಟ್ರೆಂತ್ ಸಿಗಂಗಿಲ್ಲ, ಅದಕ್ಕ ಕೋರ್, ಅಂದ್ರ ಕಾಂಕ್ರೀಟ್ ಕೊರದು ತುಂಡು, ತಗಿಬೇಕು.

ಒಂದ ಕೊರತಿ, ರಿಪೋರ್ಟ್‌ನಾಗ ಬರೇ ಟೇಬಲ್ ಇತ್ತು, ಪಾಯಿಂಟ್ ಎಲ್ಲೆಲ್ಲಿ ಅಂತ ಸ್ಕೆಚ್ ಇರಲಿಲ್ಲ, ಕೇಳಿದ ಮ್ಯಾಲ ಕಳಿಸಿದ್ರು. ರೇಟ್ ಪಾಯಿಂಟ್ ಲೆಕ್ಕದಾಗ, ಬಂದ್ಹೋಗೋ ಖರ್ಚು ಬ್ಯಾರೆ, ಹಂಗಾಗಿ ಡೌಟ್ ಇರೋ ಕಾಲಂ ಎಲ್ಲಾ ಒಂದ ಸಲಕ್ಕ ಮಾಡಸ್ರಿ, ಗಿಲಾವ್ ಹಚ್ಚೋಕಿಂತ ಮೊದಲ.