ಎನ್‌ಆರ್‌ಇ, ಎನ್‌ಆರ್‌ಒ, ವೈಸ್: ದುಡ್ಡು ಬಂದು ಬೀಳುವ ಕಡೆಯಿಂದ ಒಂದು ವಿಮರ್ಶೆ

ಇಂಥ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ವಿದೇಶದಲ್ಲಿ ಕೂತು ದುಡ್ಡು ಕಳಿಸುವವರು. ನಾನು ಮೈಸೂರಿನ ತುದಿಯಲ್ಲಿರುವವನು. ಅಕ್ಕ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಳೆ, ಅವಳ ಎನ್‌ಆರ್‌ಒ ಖಾತೆಗೆ (ವಿದೇಶದಲ್ಲಿರುವವರು ಇಲ್ಲಿನ ಆದಾಯ ಇಡುವ ಖಾತೆ) ಇಲ್ಲಿ ಮ್ಯಾಂಡೇಟ್ ಹೋಲ್ಡರ್, ಅಂದರೆ ಅವಳ ಪರವಾಗಿ ಖಾತೆ ನಡೆಸುವವನು, ನಾನು. ವಿಜಯನಗರದ ಅವಳ ಮನೆಯ ಬಾಡಿಗೆ, ಕಂದಾಯ, ರಿಪೇರಿ, ಬ್ಯಾಂಕಿನ ಓಡಾಟ ಎಲ್ಲ ನನ್ನ ತಲೆ ಮೇಲೆ. ಹಲವು ವರ್ಷದಿಂದ ಇದೇ ಕೆಲಸ.

ಮೊದಲು ವೈಸ್, ದೇಶದಿಂದ ದೇಶಕ್ಕೆ ದುಡ್ಡು ಕಳಿಸುವ ಆ್ಯಪ್. ಇಬ್ಬರು ಎಸ್ಟೋನಿಯಾದವರು 2011ರಲ್ಲಿ ಲಂಡನ್‌ನಲ್ಲಿ ಶುರು ಮಾಡಿದಾಗ ಇದರ ಹೆಸರು ಟ್ರಾನ್ಸ್‌ಫರ್‌ವೈಸ್. 2021ರಲ್ಲಿ ಬರೀ ವೈಸ್ ಆಯಿತು. ಅಕ್ಕ ಹಳೇ ಹೆಸರಿನ ಕಾಲದಿಂದಲೂ ಇದರಲ್ಲೇ ಕಳಿಸುತ್ತಾಳೆ. ಪೌಂಡಿನ ಮಾರುಕಟ್ಟೆ ದರವನ್ನೇ ತೋರಿಸುತ್ತಾರೆ, ತಮ್ಮ ಚಾರ್ಜು ಎಷ್ಟು ಅಂತ ಬೇರೆ ಹೇಳುತ್ತಾರೆ, ಅಮ್ಮನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಅನ್ನುವುದನ್ನು ಮೊದಲೇ ತಿಳಿಸುತ್ತಾರೆ. ಅಷ್ಟೇ ಬೀಳುತ್ತದೆ. ಎಷ್ಟೋ ಸಲ ಅಕ್ಕ ಫೋನ್ ಇಡುವ ಮೊದಲೇ ಅಮ್ಮನ ಮೊಬೈಲಿಗೆ ಮೆಸೇಜ್ ಬಂದಿರುತ್ತದೆ.

ಅದಕ್ಕೂ ಮುಂಚೆ ಅಲ್ಲಿನ ಬ್ಯಾಂಕಿನಿಂದ ಸ್ವಿಫ್ಟ್ (ಬೇರೆ ಬೇರೆ ದೇಶದ ಬ್ಯಾಂಕುಗಳ ನಡುವಿನ ಜಾಲ) ಮೂಲಕ ಕಳಿಸುತ್ತಿದ್ದಳು. ಅಲ್ಲಿಂದ ಹೊರಟಿದ್ದು ಒಂದು ಮೊತ್ತ, ಇಲ್ಲಿ ಬಂದಿದ್ದು ಇನ್ನೊಂದು. ನಡುವೆ ಯಾವುದೋ ಬ್ಯಾಂಕು ತನ್ನ ಪಾಲು ಹಿಡಿದುಕೊಂಡಿರುತ್ತಿತ್ತು. ಯಾವ ಬ್ಯಾಂಕು ಅಂತ ಇಲ್ಲಿನ ಕೌಂಟರ್‌ನಲ್ಲಿ ಕೇಳಿದರೆ ಅವರಿಗೂ ಗೊತ್ತಿಲ್ಲ. ಮೇಲೆ ಪೌಂಡನ್ನು ರೂಪಾಯಿ ಮಾಡಿದ್ದಕ್ಕೆ ಇಲ್ಲಿ ಜಿಎಸ್‌ಟಿ. ಒಂದು ಲಕ್ಷಕ್ಕೆ 180 ರೂಪಾಯಿ, ಎಷ್ಟೇ ಕಮ್ಮಿ ಕಳಿಸಿದರೂ 45. ಇದು ದೊಡ್ಡದಲ್ಲ ಬಿಡಿ. ದೊಡ್ಡ ಹೊಡೆತ ಇರುವುದು ದರದಲ್ಲಿ. ‘ಫೀ ಇಲ್ಲ’ ಅಂತ ಜಾಹೀರಾತು ಕೊಡುವ ಆ್ಯಪ್‌ಗಳು ಎಷ್ಟೋ ಸಲ ದರದಲ್ಲೇ ವಸೂಲಿ ಮಾಡಿರುತ್ತವೆ. ಕೊನೆಗೆ ಕೈಗೆ ಬರುವ ರೂಪಾಯಿ ಎಷ್ಟು ಅಂತ ಹೋಲಿಸಿ, ಬೇರೆ ಏನನ್ನೂ ನೋಡಬೇಡಿ.

ಅಮ್ಮನದು ಹಳೇ ಮೈಸೂರು ಬ್ಯಾಂಕಿನ ಖಾತೆ. 2017ರ ಏಪ್ರಿಲ್ 1ಕ್ಕೆ ಅದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಐಎಫ್‌ಎಸ್‌ಸಿ ಕೋಡಿನ ಮೊದಲ ನಾಲ್ಕು ಅಕ್ಷರ ಎಸ್‌ಬಿಎಂವೈ ಇದ್ದದ್ದು ಎಸ್‌ಬಿಐಎನ್ ಆಯಿತು. ವಿಜಯಾ, ಸಿಂಡಿಕೇಟ್ ಬ್ಯಾಂಕುಗಳೂ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು, ಅಲ್ಲಿ ಖಾತೆ ಇದ್ದವರ ಕಥೆಯೂ ಇದೇ. ಆ್ಯಪಿನಲ್ಲಿ ಹಳೇ ಕೋಡು ಉಳಿದಿದ್ದರೆ ಈಗಲೇ ತೆಗೆಸಿ. ಅಂದಹಾಗೆ, ಮಗಳು ಅಮ್ಮನಿಗೆ ಕಳಿಸಿದ ದುಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ. ಇದನ್ನು ಅಮ್ಮ ಇನ್ನೂ ನಂಬಿಲ್ಲ.

ಈಗ ಖಾತೆಗಳ ವಿಷಯ. ಎನ್‌ಆರ್‌ಇ ಖಾತೆಗೆ ಹೋಗುವುದು ಹೊರಗಿನ ದುಡಿಮೆ, ಎನ್‌ಆರ್‌ಒಗೆ ಇಲ್ಲಿನ ಬಾಡಿಗೆ. ಎನ್‌ಆರ್‌ಇಯಲ್ಲಿ ಇಟ್ಟಿದ್ದನ್ನು ಬೇಕೆಂದಾಗ ವಾಪಸ್ ಒಯ್ಯಬಹುದು, ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಅಕ್ಕ ಅದೇ ಬಡ್ಡಿಯನ್ನು ಇಂಗ್ಲೆಂಡಿನಲ್ಲಿ ತೋರಿಸಬೇಕು. ಇಲ್ಲೊಂದು ತಮಾಷೆ ಇದೆ. ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಅವರದು ಏಪ್ರಿಲ್ 5ಕ್ಕೆ. ಬ್ಯಾಂಕು ಕೊಡುವ ಬಡ್ಡಿ ಸರ್ಟಿಫಿಕೇಟು ಅಲ್ಲಿಗೆ ಹೊಂದುವುದೇ ಇಲ್ಲ. ಆ ಐದು ದಿನದ ಗೋಳಿಗಾಗಿ ಪ್ರತಿ ವರ್ಷ ಪೂರ್ತಿ ಸ್ಟೇಟ್‌ಮೆಂಟ್ ತೆಗೆದು ಪೆನ್ಸಿಲ್ಲಲ್ಲಿ ಗೆರೆ ಎಳೆದು ಕಳಿಸುತ್ತೇನೆ.

ಎನ್‌ಆರ್‌ಒ ಬಡ್ಡಿಗೆ ಶೇ. 30ರ ಮೇಲೆ ಸೆಸ್ ಸೇರಿ ಶೇ. 31.2 ಟಿಡಿಎಸ್, ಅಂದರೆ ದುಡ್ಡು ಕೊಡುವ ಮೊದಲೇ ಹಿಡಿದುಕೊಳ್ಳುವ ತೆರಿಗೆ. ತೆರಿಗೆ ಲೆಕ್ಕಕ್ಕೆ ಇವಳು ಅಲ್ಲಿನ ನಿವಾಸಿ ಅಂತ ಇಂಗ್ಲೆಂಡಿನವರು ಕೊಡುವ ಪತ್ರ ಕೊಟ್ಟರೆ ಶೇ. 15ಕ್ಕೆ ಇಳಿಯುತ್ತದೆ. ಬ್ಯಾಂಕಿನವರು ತಾವಾಗಿ ಇದನ್ನು ಹೇಳಲಿಲ್ಲ. ಬಾಡಿಗೆಯದು ಇನ್ನೂ ತಲೆನೋವು. ಮಾಲೀಕರು ಎನ್‌ಆರ್‌ಐ ಆದರೆ ಬಾಡಿಗೆದಾರರೇ ಟ್ಯಾನ್ ನಂಬರ್ (ತೆರಿಗೆ ಹಿಡಿದು ಕಟ್ಟುವವರಿಗೆ ಬೇಕಾದ ನಂಬರ್) ಮಾಡಿಸಿ, ತಿಂಗಳು ತಿಂಗಳು ತೆರಿಗೆ ಹಿಡಿದು ಕಟ್ಟಬೇಕು. ಬಾಡಿಗೆ ಎಷ್ಟೇ ಕಮ್ಮಿ ಇರಲಿ, ವಿನಾಯಿತಿ ಇಲ್ಲ. ಇದನ್ನು ಹೇಳಿದ ಕೂಡಲೇ ಮನೆ ನೋಡಲು ಬಂದವರು ‘ಯೋಚನೆ ಮಾಡಿ ಹೇಳ್ತೀವಿ ಸಾರ್’ ಅಂತ ಹೋಗುತ್ತಾರೆ. ಕೊನೆಗೆ ನಮ್ಮ ಆಡಿಟರ್ ಕೈಲೇ ಅವರ ಕೆಲಸವನ್ನೂ ಮಾಡಿಸಿಕೊಡುತ್ತೇವೆ ಅಂದ ಮೇಲೆ ಮನೆ ಬಾಡಿಗೆಗೆ ಹೋಯಿತು. ಹೆಚ್ಚಿಗೆ ಕಟ್ಟಿದ್ದು ಅಕ್ಕ ರಿಟರ್ನ್ ಹಾಕಿದ ಮೇಲೆ ಎನ್‌ಆರ್‌ಒಗೇ ವಾಪಸ್ ಬರುತ್ತದೆ.

ನಿಜವಾದ ಪರೀಕ್ಷೆ ಬಂದಿದ್ದು 2024ರಲ್ಲಿ. ಅಕ್ಕ ಅಲ್ಲಿ ಮನೆ ಕೊಳ್ಳಲು ಎನ್‌ಆರ್‌ಒ ದುಡ್ಡನ್ನು ಅಲ್ಲಿಗೆ ಕೇಳಿದಳು. ದುಡ್ಡು ಬರುವುದು ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಇದ್ದ ಹಾಗೆ. ಹೋಗುವುದು ಮಾತ್ರ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಎಲ್ಲ ಊರೊಳಗೂ ನುಗ್ಗಿಕೊಂಡು ಹೋಗುವ ಹಳೇ ರೋಡು. ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಒಯ್ಯಲು ನಿಯಮ ಬಿಡುತ್ತದೆ, ಅಷ್ಟು ದುಡ್ಡು ಯಾರ ಹತ್ರ ಇದೆ ಅನ್ನುವುದು ಬೇರೆ ಮಾತು. ವರ್ಷಕ್ಕೆ 5 ಲಕ್ಷ ರೂಪಾಯಿ ದಾಟಿದ್ದರಿಂದ ತೆರಿಗೆ ಲೆಕ್ಕ ಸರಿ ಇದೆ ಅನ್ನುವ ಆಡಿಟರ್ ಸಹಿಯ 15ಸಿಬಿ ಫಾರಂ, ಅದನ್ನು ಇಟ್ಟುಕೊಂಡು ಆದಾಯ ತೆರಿಗೆ ಸೈಟಿನಲ್ಲಿ ಅಕ್ಕನ ಲಾಗಿನ್‌ನಿಂದ 15ಸಿಎ ಫಾರಂ, ಆಮೇಲೆ ದುಡ್ಡು ಹೊರಗೆ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರಂ. ನನ್ನ ಮ್ಯಾಂಡೇಟ್ ಇಲ್ಲಿನ ರೂಪಾಯಿ ಪಾವತಿಗೆ ಮಾತ್ರ, ಹಾಗಾಗಿ ಅಕ್ಕನ ಸಹಿಯೇ ಬೇಕು. ಫಾರಂ ಕೊರಿಯರ್‌ನಲ್ಲಿ ಬಂತು. ಖಾತೆ ಇರುವ ಶಾಖೆ (ಬ್ಯಾಂಕಿನ ಹೆಸರು ಬೇಡ) ಅದನ್ನು ವಿದೇಶಿ ವಿನಿಮಯ ನೋಡುವ ಇನ್ನೊಂದು ಶಾಖೆಗೆ ಕಳಿಸಿತು. ಅವರು ‘ಸಹಿ ತಾಳೆ ಆಗ್ತಿಲ್ಲ’ ಅಂತ ವಾಪಸ್ ಕಳಿಸಿದರು. ಅಕ್ಕ ಮದುವೆಗೆ ಮುಂಚೆ ಕನ್ನಡದಲ್ಲಿ ಮಾಡಿದ್ದ ಸಹಿ ಕಾರ್ಡಿನಲ್ಲಿತ್ತು, ಈಗ ಇಂಗ್ಲಿಷಿನಲ್ಲಿ ಹಾಕುತ್ತಾಳೆ. ಸರಿ, ಮತ್ತೆ ಕೊರಿಯರ್. ದುಡ್ಡು ತಲುಪಿತು, ಆದರೆ ದರ ಕೇಳಿದಾಗ ‘ಡೀಲ್ ಆಗುವಾಗ ಏನಿರುತ್ತೋ ಅದು’ ಅಂದಿದ್ದರು. ವೈಸ್ ನೋಡಿ ಅಭ್ಯಾಸವಾದವರಿಗೆ ಇದು ಕಹಿ.

ಒಂದು ಸುಧಾರಣೆ ಹೇಳಲೇಬೇಕು. 2023ರ ಜನವರಿಯಲ್ಲಿ ಬ್ರಿಟನ್ ಸೇರಿ ಹತ್ತು ದೇಶಗಳ ಫೋನ್ ನಂಬರಿಗೆ, ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದ ಯುಪಿಐ ಮಾಡಲು ಒಪ್ಪಿಗೆ ಸಿಕ್ಕಿತು. ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದರೆ ಶೇ. 5 ರಿಯಾಯಿತಿ ಇದೆಯಲ್ಲ, ಅದನ್ನು ಈಗ ಅಕ್ಕನೇ ಲೆಸ್ಟರ್‌ನಲ್ಲಿ ಕೂತು ಕಟ್ಟುತ್ತಾಳೆ. ನನಗೆ ಅಷ್ಟು ಕೆಲಸ ಕಮ್ಮಿ.

ವೈಸ್‌ಗೆ ಐದಕ್ಕೆ ನಾಲ್ಕೂವರೆ. ಬ್ಯಾಂಕಿಗೆ ಎರಡು, ಅದೂ ಕೌಂಟರ್‌ನಲ್ಲಿರುವ ಒಬ್ಬ ಮೇಡಂ ತಾಳ್ಮೆಗೆ. ಎನ್‌ಆರ್‌ಒ ಖಾತೆಯನ್ನು ಬೇರೆ ಕಡೆ ತೆರೆಯೋಣ ಅಂತ ಮಾತಾಡಿಕೊಂಡಿದ್ದೇವೆ. ಅಕ್ಕ ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಆಗಬೇಕು, ಈ ಸಲ ಸಹಿ ಇಂಗ್ಲಿಷಿನಲ್ಲೇ ಹಾಕಿಸುತ್ತೇನೆ.