ಸೈಡ್‌ಕಾಸ್ಟ್ ರೀಲಿಗೆ ಮೋನೊ ದಾರವೋ, ಬ್ರೇಡ್ ದಾರವೋ?

ಮಲೆನಾಡಲ್ಲಿ ಸೈಡ್‌ಕಾಸ್ಟ್ ರೀಲು (ಮೀನಿನ ಗಾಳದ ದಾರ ಸುತ್ತುವ ಒಂದು ಬಗೆಯ ಸಾಧನ) ಅಪರೂಪ. ಆಸ್ಟ್ರೇಲಿಯಾದಲ್ಲಿ 1920ರಲ್ಲಿ ಶುರುವಾದ ಆಲ್ವಿ ಕಂಪನಿಯ ರೀಲು ನೆಂಟರ್ಯಾರೋ ತಂದುಕೊಟ್ಟಿದ್ದರೆ, ದಾರ ಕೊಳ್ಳುವ ಮುಂಚೆ ಇದಿಷ್ಟು ಗೊತ್ತಿರಲಿ. ಎಸೆಯುವಾಗ ಸ್ಪೂಲನ್ನು, ಅಂದರೆ ದಾರ ಸುತ್ತಿದ ಗಾಲಿಯನ್ನು, ಪಕ್ಕಕ್ಕೆ ತಿರುಗಿಸುತ್ತೇವೆ. ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಹಾರುತ್ತದೆ. ಸುತ್ತಿಕೊಳ್ಳುವಾಗ ಮಾತ್ರ ನೇರ ಬರುತ್ತದೆ. ಹೊರಹೋದ ಒಂದೊಂದು ಸುರುಳಿಗೂ ಒಂದು ತಿರುಚು ದಾರದಲ್ಲೇ ಉಳಿಯುತ್ತದೆ. ಸ್ಪೂಲು ದೊಡ್ಡದಿದ್ದಷ್ಟೂ ತಿರುಚು ಕಡಿಮೆ.

ಬ್ರೇಡ್ ಅಂದರೆ ಹಲವು ಎಳೆ ಹೆಣೆದ ದಾರ. ಅದು ತೆಳು, ದೂರ ಹೋಗುತ್ತದೆ, ಮೀನು ಮುಟ್ಟಿದ್ದು ಕೈಗೆ ತಕ್ಷಣ ಗೊತ್ತಾಗುತ್ತದೆ. ಆದರೆ ತಿರುಚು ಕಣ್ಣಿಗೆ ಕಾಣದೆ ಸೇರುತ್ತಾ ಹೋಗಿ, ಸಡಿಲ ಸಿಕ್ಕಾಗ ಗಂಟಾಗುತ್ತದೆ. ಆ ಗಂಟು ಬಿಡಿಸುವುದಕ್ಕಿಂತ ಕತ್ತರಿಸುವುದೇ ವಾಸಿ. ಲಿಂಗನಮಕ್ಕಿ ಹಿನ್ನೀರಿನ ಮುಳುಗಿದ ಬೊಡ್ಡೆಗಳಿಗೆ ಉಜ್ಜಿದರೆ ಬೇಗ ಹರಿಯುತ್ತದೆ ಕೂಡ. ಮೋನೊ ಅಂದರೆ ಒಂದೇ ಎಳೆಯ ದಾರ. ಅದು ಅಗ್ಗ, ಉಜ್ಜಾಟ ತಡೆಯುತ್ತದೆ, ತಿರುಚಿದ್ದೂ ಕಾಣುತ್ತದೆ: ಒಂದು ಮೊಳ ಸಡಿಲ ಬಿಟ್ಟರೆ ತಂತಾನೇ ಹೆಣೆದುಕೊಳ್ಳುತ್ತದೆ. ಕಾಟ್ಲಾ, ರೋಹುಗಳಿಗೆ 0.35–0.40 ಮಿ.ಮೀ. ಸಾಕು. ತೀರಾ ಗಡುಸಾದದ್ದು ಸ್ಪೂಲಿನಿಂದ ಚಿಮ್ಮುತ್ತದೆ, ಬೇಡ. ಫ್ಲೋರೋಕಾರ್ಬನ್ ಎಂಬ ಇನ್ನೊಂದು ಬಗೆಯ ದಾರ ಗಾಳದ ಹತ್ತಿರದ ತುಂಡಿಗಷ್ಟೇ. ನನ್ನ ಮತ ಮೋನೊಗೆ.

ಯಾವ ದಾರವಾದರೂ ಸ್ವಿವೆಲ್ (ದಾರದ ಜೊತೆ ತಿರುಗುವ ಪುಟ್ಟ ಕೊಂಡಿ) ಬೇಕೇ ಬೇಕು, ಎರಡಿದ್ದರೆ ಇನ್ನೂ ಒಳ್ಳೆಯದು. ಭಾರ ಬಿದ್ದಾಗ ತಿರುಗದ ಅಗ್ಗದ ಸ್ವಿವೆಲ್ ಇದ್ದೂ ಇಲ್ಲದಂತೆ. ಬಾಲ್ ಬೇರಿಂಗಿನದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಿ. ತಿರುಚು ಜಾಸ್ತಿಯಾದರೆ ಗಾಳ, ಸೀಸ, ಸ್ವಿವೆಲ್ ಎಲ್ಲ ಬಿಚ್ಚಿ, ಬರಿದಾರವನ್ನು ತುಂಗೆಯ ಹರಿವಿಗೆ ಉದ್ದಕ್ಕೆ ಬಿಡಿ (ಶೃಂಗೇರಿಯ ದೇವರ ಮೀನಿನ ಹತ್ತಿರವಲ್ಲ, ಮಾರಾಯ್ರೆ!). ಸ್ವಲ್ಪ ಹೊತ್ತು ಬಿಟ್ಟು, ಎರಡು ಬೆರಳ ನಡುವೆ ಒತ್ತಿ ಹಿಡಿದು ಸುತ್ತಿಕೊಳ್ಳಿ.